ಕರೆದರೆ ಓ ಎನ್ನದವು

ನನ್ನ ಕಸುಬು ಹೋಲಿಕೆ ಹೇಳುವುದು. ನಮ್ಮ ಊರಲ್ಲಿ ಯಾರಾದರೂ ತೀರಿಕೊಂಡರೆ, ಮಣ್ಣು ಮಾಡಿ ಬಂದ ಮೇಲೆ ಮನೆಯವರು ಮೊದಲು ಹೇಳಿಕಳಿಸುವುದು ನನಗೆ. ಗುಡ್ಡದ ಗವಿಯಿಂದ ಹಿತ್ತಾಳೆಯ ಕೊಳಗದಲ್ಲಿ ಒಂದು ನೀರಹಲ್ಲಿ ಬರುತ್ತದೆ. ಕಡಲಿನಿಂದ ಮಣ್ಣಿನ ಬಾನಿಯಲ್ಲಿ ಹತ್ತು ತೋಳಿನ ಒಂದು ಬೊಂಡಾಸ ಬರುತ್ತದೆ. ಎರಡನ್ನೂ ಜಗಲಿಯ ಮೇಲಿಟ್ಟು, ನಡುವೆ ನಾನು ಕೂತು, ಅದು ಹೇಗೆ, ಇದು ಹೇಗೆ ಎಂದು ಹೇಳುತ್ತೇನೆ. ಮನೆಯವರು ಒಂದನ್ನು ಒಳಗೆ ಕರೆದುಕೊಳ್ಳುತ್ತಾರೆ, ಇನ್ನೊಂದು ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ಆ ಮನೆಯಲ್ಲಿ ನಾನು ಒಂದು ಲೋಟ ನೀರನ್ನೂ ಕುಡಿಯುವುದಿಲ್ಲ.

ಹೇಳುವ ಮಾತು ಬಾಯಿಪಾಠ. ನೀರಹಲ್ಲಿ ಗವಿಯ ಕತ್ತಲಲ್ಲಿ ಹುಟ್ಟಿದ್ದು, ಅದಕ್ಕೆ ಕಣ್ಣಿಲ್ಲ. ಬೊಂಡಾಸನಿಗೆ ಮೈಗೆ ಮೀರಿದ ಕಣ್ಣು. ನೀರಹಲ್ಲಿಗೆ ಗುಂಡಿಗೆ ಒಂದು, ಬೊಂಡಾಸನಿಗೆ ಮೂರು. ನೀರಹಲ್ಲಿ ಏನೂ ತಿನ್ನದೆ ವರ್ಷಗಟ್ಟಲೆ ಇರುತ್ತದೆ, ಬೊಂಡಾಸನಿಗೆ ತಿಂದಷ್ಟೂ ಹಸಿವು. ನೀರಹಲ್ಲಿಯ ಕಾಲು ಕಡಿದರೆ ಕಾಲು ಮತ್ತೆ ಬೆಳೆಯುತ್ತದೆ. ಬೊಂಡಾಸನನ್ನು ಕೆಣಕಿದರೆ ಮಸಿ ಉಗುಳಿ, ತಾನಿದ್ದ ಜಾಗವನ್ನೇ ಅಳಿಸಿ ಹೋಗುತ್ತದೆ. ನೀರಹಲ್ಲಿ ನೂರು ವರ್ಷ ಬದುಕಿದರೂ ಮರಿಯಾಗಿಯೇ ಇರುತ್ತದೆ. ಬೊಂಡಾಸ ವರ್ಷದೊಳಗೆ ಬೆಳೆದು, ಮೊಟ್ಟೆಯಿಟ್ಟು, ಸಾಯುತ್ತದೆ. ಯಾವುದನ್ನು ಒಳಗೆ ಕರೆಯುತ್ತೀರಿ? ಇಷ್ಟೇ. ಹೇಳುವಾಗ ದನಿ ಯಾವ ಕಡೆಗೂ ವಾಲಬಾರದು. ನಮ್ಮಪ್ಪ ನನ್ನನ್ನು ತಯಾರು ಮಾಡುವಾಗ, ಎಲ್ಲಿ ದನಿ ತುಸು ಮೆತ್ತಗಾದರೂ ಅಲ್ಲಿ ಮೊಣಕೈಯಿಂದ ತಿವಿಯುತ್ತಿದ್ದರು. ಆ ತಿವಿತದ ಗುಣವೋ ಏನೋ, ಭೈರಣ್ಣ ತಮ್ಮನ್ನು ಆ ಕಡೆ ತಳ್ಳಿದ, ಈ ಕಡೆ ಎಳೆದ ಎಂದು ಊರಲ್ಲಿ ಯಾರೂ ಇವತ್ತಿನವರೆಗೆ ದೂರಿಲ್ಲ.

ನೀರಹಲ್ಲಿಯನ್ನು ಕರೆದ ಮನೆಯಲ್ಲಿ ತೀರಿಹೋದವರು ಮರಳಿ ಬೆಳೆಯುತ್ತಾರೆ. ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಕೊಳಗದಲ್ಲಿ ಬಿಟ್ಟು, ಪಕ್ಕದಲ್ಲಿ ಹಾಸಿಗೆ ಹಾಸಿ, ಖಾಲಿ ಹಾಸಿಗೆಗೆ ದುಪ್ಪಟಿ ಹೊದಿಸುತ್ತಾರೆ. ದುಪ್ಪಟಿ ದಿನದಿನಕ್ಕೆ ಅಷ್ಟಷ್ಟು ಏಳುತ್ತದೆ. ಪೂರ್ತಿ ಎದ್ದು ಕೂತ ದಿನ, ನೀರಹಲ್ಲಿಯನ್ನು ಒಳಗೆ ಕರೆದವರೇ ಹೆಸರು ಹಿಡಿದು ಕರೆಯಬೇಕು. ಒಳಗಿನಿಂದ ಓ ಎಂದು ಬಂದರೆ ಅವರು ಮನೆಯವರಾದರು. ಬೆಳ್ಳಗೆ ತಣ್ಣಗೆ ಇರುತ್ತಾರೆ, ಕಣ್ಣು ಕಾಣುವುದಿಲ್ಲ, ಬೆಳಕು ಆಗುವುದಿಲ್ಲ. ಅಂಥ ಮನೆಗೆ ಹೇಳದೆಯೇ ನಮ್ಮ ದರ್ಜಿ ಪರದೆ ಹೊಲಿದು ಕೊಡುತ್ತಾನೆ. ಬೊಂಡಾಸನನ್ನು ಕರೆದ ಮನೆಯನ್ನು ಮಸಿಮನೆ ಎನ್ನುತ್ತೇವೆ. ಅಲ್ಲಿಯವರು ತೀರಿಹೋದವರನ್ನು ಮೆಲ್ಲಮೆಲ್ಲಗೆ ಮರೆಯುತ್ತಾರೆ. ಬೊಂಡಾಸ ಸತ್ತ ದಿನ ಚೂರೂ ಉಳಿಯುವುದಿಲ್ಲ. ಅಟ್ಟದ ಮೇಲೆ ಒಂದು ತಟ್ಟೆ ಹೆಚ್ಚಿಗೆ ಸಿಕ್ಕರೆ ಉಪ್ಪಿನಕಾಯಿ ಭರಣಿಗೆ ಮುಚ್ಚುತ್ತಾರೆ. ಅಂಥವರ ಎದುರು ಸತ್ತವರ ಮಾತು ಎತ್ತಬಾರದು, ಅದು ಊರಿನ ಮರ್ಯಾದೆ. ವರ್ಷದ ತನಕ ಅವರನ್ನು ಯಾರೂ ಮನೆಗೆ ಕರೆಯುವುದಿಲ್ಲ. ಕರೆಯದಿದ್ದುದು ಗೊತ್ತಾಗದ ಹಾಗೆ ಕರೆಯುವುದಿಲ್ಲ.

ನನ್ನ ತಂಗಿ ನಾಗವೇಣಿಯ ಮಗಳು ಸುರಗಿ. ಆ ಹೆಸರು ಹುಟ್ಟಿದ್ದು ನಮ್ಮ ಮನೆಯಲ್ಲಿ. ಚೊಚ್ಚಲ ಬಸುರಿ ನಾಗವೇಣಿ ತವರಿಗೆ ಬಂದು, ಪಡಸಾಲೆಯ ಕಂಬಕ್ಕೆ ಒರಗಿ ಹುಣಸೆಕಾಯಿ ಕಚ್ಚುತ್ತ ಕೂತಿದ್ದಾಗ ಹಿತ್ತಲ ಸುರಗಿ ಮರದಿಂದ ಗಾಳಿ ಬೀಸಿತು. "ಅಣ್ಣ, ಹೆಣ್ಣಾದ್ರೆ ಸುರಗಿ" ಎಂದಳು. ಗಂಡಾದರೆ ಏನು ಎಂದು ನಾನು ಕೇಳಿದ್ದಕ್ಕೆ ಹುಣಸೆ ಬೀಜ ನನ್ನ ಮೇಲೆ ಉಗಿದಳು. ಹೆಣ್ಣೇ ಹುಟ್ಟಿತು. ಅಂಥ ತುಂಟಿಯನ್ನು ನಾನು ನೋಡಿಲ್ಲ. ತಾಯಿ ಗಂಟಲು ಹರಿದುಕೊಂಡು ಕರೆದರೂ ಓ ಎನ್ನುತ್ತಿರಲಿಲ್ಲ. ಕೋಲು ಹಿಡಿದು ಬಂದರೆ, "ಈಗ ಕೇಳಿಸ್ತು" ಎನ್ನುತ್ತಿದ್ದಳು. ನನ್ನ ಹೆಗಲೇರಿ ಕೂತು ಇಡೀ ಹೋಲಿಕೆಯನ್ನು ಒಪ್ಪಿಸುವಳು. ಕೊನೆಗೆ ತನ್ನದೊಂದು ಸೇರಿಸುವಳು: "ಎರಡಕ್ಕೂ ಕಿವಿ ಇಲ್ಲ. ಕರೆದ್ರೆ ಓ ಅನ್ನಲ್ಲ. ನನ್ನ ಥರ!" ನಾನು ಆಗ ನಕ್ಕೆ. ಆಮೇಲೆ ಆ ಮಾತು ನನ್ನನ್ನು ಎಷ್ಟು ಕಾಡಿತೆಂದರೆ, ನಕ್ಕ ಬಾಯಿಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು.

ಸುರಗಿ ಜ್ವರದಲ್ಲಿ ಹೋದಳು. ಹೋಲಿಕೆ ಹೇಳುವವನು ಆ ಮನೆಗೆ ಸೇರಿದವನಾಗಿರಬಾರದು. ಸೋದರಮಾವ ಎಷ್ಟೆಂದರೂ ಬೇರೆ ಮನೆಯವನು, ಹಾಗಾಗಿ ನನ್ನನ್ನೇ ಕರೆದರು. ಗವಿ ಕಾಯುವ ದ್ಯಾವಕ್ಕ ಕೊಳಗವನ್ನು ತಾನೇ ಸೊಂಟದ ಮೇಲೆ ಹೊತ್ತು ತಂದಿದ್ದಳು. ಜಗಲಿಯ ಮೇಲೆ ಇಡುವಾಗ ನನಗೆ ಮಾತ್ರ ಕೇಳುವ ಹಾಗೆ, "ಇದೇ ಕೊನೇದು ಭೈರಣ್ಣ. ಗವಿ ಖಾಲಿ" ಎಂದಳು. ಖಾಲಿಯಾಗದೆ ಏನು? ಒಳಗೆ ಹೋದ ನೀರಹಲ್ಲಿ ನೂರು ವರ್ಷ ಆ ಮನೆ ಬಿಟ್ಟು ಹೊರಗೆ ಬರುವುದಿಲ್ಲ, ಗವಿಯಲ್ಲಿ ಮರಿ ಆಗುವುದು ಯಾವಾಗಲೋ ಒಂದು. ಬೊಂಡಾಸನಿಗೆ ಬರವಿಲ್ಲ, ಬಲೆ ಬೀಸಿದರೆ ಸಿಕ್ಕುತ್ತದೆ. ಕೊನೆಯದೆಂಬ ಮಾತನ್ನು ನಾನು ಹೇಳಲಿಲ್ಲ, ಹೇಳಿದರೆ ದನಿ ವಾಲಿದಂತೆ. ಎಂದಿನಂತೆ ಶುರು ಮಾಡಿ ಎಂದಿನಂತೆ ಮುಗಿಸಿದೆ. ಕಿವಿಯಿಲ್ಲ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು, ನುಂಗಿಕೊಂಡೆ.

ನಾಗವೇಣಿ ನನ್ನ ಮಾತು ಮುಗಿಯುವುದನ್ನೇ ಕಾಯುತ್ತಿದ್ದವಳಂತೆ ಕೊಳಗವನ್ನು ಎದೆಗವಚಿಕೊಂಡು ಒಳಗೆ ಹೋದಳು. ಅವಳ ಗಂಡ ದುರ್ಗಯ್ಯ ಕಂಬದ ಹಾಗೆ ನಿಂತಿದ್ದ. ದುರ್ಗಯ್ಯ ನನ್ನ ಬಾಲ್ಯದ ಜೊತೆಗಾರ. ಮದುವೆಯಾದ ಮೇಲೆ ಅವನು ನನ್ನನ್ನು ಭಾವ ಎನ್ನುತ್ತಾನೆ, ನಾನು ಹಳೆಯ ರೂಢಿಯಂತೆ ಹೆಸರು ಹಿಡಿದೇ ಕರೆಯುತ್ತೇನೆ. ಬಾನಿ ಹೊತ್ತು ತಂದಿದ್ದ ಮೀನುಗಾರ ಬೊಂಡಾಸನನ್ನು ಎತ್ತಿಕೊಂಡು ಇಳಿದ. ಸ್ವಲ್ಪ ಹೊತ್ತಿಗೆ ದುರ್ಗಯ್ಯನೂ ಅವನ ಹಿಂದೆಯೇ ನಡೆದ. ಬೀಳ್ಕೊಡಲು ಹೋಗುತ್ತಿದ್ದಾನೆ ಎಂದುಕೊಂಡೆ.

ನಾಗವೇಣಿ ಒಳಕೋಣೆಯಲ್ಲಿ ಹಾಸಿಗೆ ಹಾಸಿದಳು. ನಾನು ಆಗಾಗ ಹೋಗಿ ಬಾಗಿಲಲ್ಲೇ ನಿಂತು ನೋಡಿ ಬರುತ್ತಿದ್ದೆ. ಮೊದಮೊದಲು ದುಪ್ಪಟಿ ಚಪ್ಪಟೆಯಾಗಿ ಬಿದ್ದಿತ್ತು. ಒಂದು ಸಲ ಹೋದಾಗ ಪಾದದ ಕಡೆ ಚೂರು ಎದ್ದಿತ್ತು. ಮಳೆಗಾಲದ ಹೊತ್ತಿಗೆ ಮೊಣಕಾಲು ತಿಳಿಯುತ್ತಿತ್ತು. "ನೋಡಣ್ಣ, ನಿದ್ದೇಲಿ ಒದಿಯೋ ಬುದ್ಧಿ ಇನ್ನೂ ಬಿಟ್ಟಿಲ್ಲ" ಎಂದು ನಾಗವೇಣಿ ಸರಿದ ದುಪ್ಪಟಿಯನ್ನು ಸರಿಮಾಡುತ್ತ ನಗುತ್ತಿದ್ದಳು. ಕೊಳಗದ ತಳದಲ್ಲಿ ಆ ಬಿಳಿಯ ಪ್ರಾಣಿ ಅಲ್ಲಾಡದೆ ಬಿದ್ದಿರುತ್ತಿತ್ತು. ಕತ್ತಿನ ಎರಡೂ ಕಡೆಯ ಕೆಂಪು ಕುಚ್ಚುಗಳು ಮಾತ್ರ ಉಸಿರಿಗೆ ಮೆಲ್ಲಗೆ ಆಡುತ್ತಿದ್ದವು. ನಾನು ಅದರ ಮುಂದೆ ಕೈಮುಗಿದಿದ್ದೂ ಉಂಟು. ಕಸುಬಿನವನು ಹಾಗೆ ಮಾಡಬಾರದು, ಆದರೆ ಸೋದರಮಾವ ಮಾಡಬಹುದಲ್ಲ.

ಮಳೆ ಹಿಂದೆ ಸರಿದ ಮೇಲೆ ಒಂದು ದಿನ ಹೋದಾಗ ನಾಗವೇಣಿ ಒಂದು ಪುಟ್ಟ ಲಂಗವನ್ನು ಹಿಡಿದುಕೊಂಡು ಕೂತಿದ್ದಳು. ಜರಿಯಂಚಿನ ಆ ಲಂಗವನ್ನು ದೀಪಾವಳಿಗೆ ಕೊಡಿಸಿದ್ದವನು ನಾನೇ. "ಅಣ್ಣ, ಇದು ಯಾರದ್ದು? ಪಕ್ಕದ ಮನೆಯವರದ್ದು ನಮ್ಮ ಬಟ್ಟೆ ಜೊತೆ ಸೇರ್ಕೊಂಡು ಬಂದಿರ್ಬೇಕು" ಎಂದಳು. ತಮಾಷೆಯೋ ಎಂದು ಮುಖ ನೋಡಿದೆ. ತಮಾಷೆಯಾಗಿರಲಿಲ್ಲ. "ಒಳಗೆ ಮಲಗಿದಾಳಲ್ಲೇ, ಅವಳದ್ದು" ಎಂದೆ. "ಹೌದಲ್ವಾ" ಎಂದು ಹಣೆ ತಟ್ಟಿಕೊಂಡಳು. ಆದರೆ ಆ ಹೌದಲ್ವಾದಲ್ಲಿ ಬಲವಿರಲಿಲ್ಲ. ಮಸಿಮನೆಯವರ ಮಾತು ಹೇಗಿರುತ್ತದೆಂದು ಈ ಊರಲ್ಲಿ ನನ್ನಷ್ಟು ಕೇಳಿದವರು ಯಾರಿದ್ದಾರೆ?

ಮನೆಯೊಳಗೆಲ್ಲ ತೆಳ್ಳಗೆ ಕಡಲಿನ ವಾಸನೆ. ಅದರ ಜಾಡು ಹಿಡಿದು ಹಿತ್ತಲ ಬಚ್ಚಲುಮನೆಗೆ ಹೋದೆ. ದುರ್ಗಯ್ಯ ಮೂಲೆಯಲ್ಲಿದ್ದ, ಯಾರೂ ಬಳಸದ ಹಳೆಯ ಹಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಹಂಡೆಯ ಮುಚ್ಚಳ ಸರಿಸಿದೆ. ಕಪ್ಪು ನೀರಿನೊಳಗಿಂದ ಒಂದು ದೊಡ್ಡ ದುಂಡು ಕಣ್ಣು ನನ್ನನ್ನು ನೋಡಿತು.

"ಏನು ಮಾಡಿದೆಯೋ ದುರ್ಗಯ್ಯ!"

ಅವನು ತಲೆಯೆತ್ತಲಿಲ್ಲ. "ಭಾವ, ನೀನು ಪರದೆ ಮನೇಲಿ ಬೆಳೆದವನಲ್ಲ. ನಾನು ಬೆಳೆದವನು. ನಮ್ಮಜ್ಜಿ ಮರಳಿ ಬಂದು ಕೋಣೆ ಮೂಲೇಲಿ ಕೂತಿತ್ತು. ನಾನು ಹುಟ್ಟೋಕೆ ಮುಂಚಿಂದ್ಲೂ ಹಾಗೇ ಕೂತಿತ್ತು. ಅದನ್ನ ಕರೆದ ನಮ್ಮಜ್ಜ ಸತ್ತ, ನಮ್ಮಪ್ಪ ಸತ್ತ, ಅದು ಕೂತೇ ಇದೆ ಹಳೇ ಮನೇಲಿ. ದಿನಾ ಸಾಯಂಕಾಲ ನಮ್ಮಣ್ಣ ಹೋಗಿ ಒದ್ದೆ ಬಟ್ಟೆಯಲ್ಲಿ ಒರೆಸಿ ಬರ್ತಾನೆ. ನಾವೂ ಸತ್ತ ಮೇಲೆ ನಮ್ಮ ಮಗೂನ ಯಾರು ಒರೆಸ್ತಾರೆ ಭಾವ? ನಾವು ಮರೆತುಬಿಟ್ರೆ ಕಾಯೋರೇ ಇಲ್ಲ ಅಂತ ಮಗು ಬರೋದು ನಿಲ್ಲುತ್ತೆ ಅಂದ್ಕೊಂಡೆ."

"ನೀರಹಲ್ಲಿ ಯಾರಿಗಾಗಿಯೂ ನಿಲ್ಲೋದಿಲ್ಲ. ನೂರು ಸಲ ಹೇಳಿದ್ದೇನೆ, ಕಿವಿಯಲ್ಲಿ ಏನು ಹತ್ತಿ ಇಟ್ಕೊಂಡಿದ್ಯಾ? ಎರಡನ್ನೂ ಒಂದೇ ಮನೇಲಿ ಇಡ್ತಾರಾ ಯಾರಾದ್ರೂ!"

ಅವನು ಅತ್ತ. ಗಂಡಸು ಹಾಗೆ ಬಿಕ್ಕಿ ಅಳುವುದನ್ನು ನೋಡಿ ನನ್ನ ಸಿಟ್ಟು ಇಳಿಯಿತು. ಮಗಳ ಮೇಲೆ ಅವನಿಗೆ ಪ್ರೀತಿ ಕಡಿಮೆಯಿತ್ತೆಂದು ಹೇಳಿದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಈಗಲೇ ಹೊತ್ತೊಯ್ದರೆ ನಾಗವೇಣಿಗೆ ತಿಳಿದು ಅವಳ ಎದೆ ಒಡೆಯುತ್ತದೆ, ನಾಳೆ ಅವಳು ನೀರಿಗೆ ಹೋದಾಗ ಇಬ್ಬರೂ ಸೇರಿ ಕಡಲಿಗೆ ಬಿಡೋಣ ಎಂದು ಅವನು ಬೇಡಿಕೊಂಡ. ಒಪ್ಪಿದೆ.

ಮರುದಿನ ಬೆಳಿಗ್ಗೆ ಹೋದಾಗ ಹಂಡೆಯಲ್ಲಿ ಬೊಂಡಾಸ ಸತ್ತು ತೇಲುತ್ತಿತ್ತು, ಸುಣ್ಣದ ಹಾಗೆ ಬಿಳುಚಿಕೊಂಡಿತ್ತು. ಹಂಡೆಯ ಗೋಡೆಗೆ ಮೊಟ್ಟೆಗಳು ಬೆರಳುಬೆರಳಾಗಿ ಅಂಟಿದ್ದವು. ದುರ್ಗಯ್ಯ ಪಕ್ಕದಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ಅವನ ಮುಖ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು. "ನೋಡು ಭಾವ, ಹಳೇ ಹಂಡೆಗೆ ಯಾರೋ ಬೊಂಡಾಸ ಹಾಕಿದಾರೆ. ಎಂಥ ಜನ ಇರ್ತಾರೆ ಊರಲ್ಲಿ!" ಎಂದ. ಅಷ್ಟರಲ್ಲಿ ನಾಗವೇಣಿ ಹಿತ್ತಲ ಬಾಗಿಲಿಗೆ ಬಂದಳು. "ಅಣ್ಣ, ಒಳಕೋಣೇಲಿ ಯಾರದೋ ಮಗು ಎದ್ದು ಕೂತಿದೆ. ಪಾಪ, ಕಣ್ಣು ಕಾಣಲ್ಲ. ನಿಂಗೆ ಊರವರ ಗುರುತೆಲ್ಲ ಇದೆಯಲ್ಲ, ಯಾರ ಮನೇದು ಅಂತ ನೋಡಿ ಬಿಟ್ಟು ಬಾ" ಎಂದಳು.

ಸುರಗಿ ಹಾಸಿಗೆಯ ಮೇಲೆ ಕೂತಿದ್ದಳು. ಅದೇ ಮೂಗು, ಅದೇ ಗಿಡ್ಡ ಕತ್ತು, ಬಲಗೆನ್ನೆಯ ಮೇಲೆ ಅದೇ ಮಚ್ಚೆ. ಕಣ್ಣಿನ ಜಾಗದಲ್ಲಿ ನುಣುಪು ಚರ್ಮ. "ನಾಗವೇಣಿ, ಇವಳು ನಿನ್ನ ಮಗಳು ಕಣೇ. ಸುರಗಿ ಅಂತ ಕರೆಯೇ, ಒಂದೇ ಒಂದು ಸಲ" ಎಂದೆ. "ಏನಂದೆ?" ಎಂದಳು. ಮತ್ತೆ ಹೇಳಿದೆ. "ಏನಂದೆ ಅಣ್ಣ?" ಮಾತು ಅವಳ ಕಿವಿಗೆ ಬೀಳುತ್ತಿತ್ತು, ಬಿದ್ದಲ್ಲಿ ನಿಲ್ಲುತ್ತಿರಲಿಲ್ಲ. ಕೊನೆಗೆ ಆ ಲಂಗವನ್ನು ಹೆಗಲಿಗೆ ಹಾಕಿಕೊಂಡು, ಒಂದು ಕೈಯಲ್ಲಿ ಕೊಳಗ, ಇನ್ನೊಂದು ಕೈಯಲ್ಲಿ ಮಗುವಿನ ತಣ್ಣನೆಯ ಕೈ ಹಿಡಿದು ನಮ್ಮ ಮನೆಗೆ ಬಂದೆ. ದಾರಿಯಲ್ಲಿ ಕಂಡವರೆಲ್ಲ ಮುಖ ಬೇರೆ ಕಡೆ ತಿರುಗಿಸಿಕೊಂಡರು. ಮಸಿಮನೆಯ ವಿಷಯ ಮಾತಾಡಬಾರದಲ್ಲ, ಅದಕ್ಕೆ.

ಒಂಟಿ ಮನುಷ್ಯನ ಮನೆ ನನ್ನದು. ಪಡಸಾಲೆಯ ಮೂಲೆಯಲ್ಲಿ ಕೊಳಗವನ್ನಿಟ್ಟು ಪಕ್ಕದಲ್ಲಿ ಅವಳನ್ನು ಕೂರಿಸಿದೆ. ಕೂರಿಸಿದಲ್ಲಿ ಕೂತಳು. ಅನ್ನ ಕಲಸಿ ಬಾಯಿಗಿಟ್ಟರೆ ನುಂಗುತ್ತಿದ್ದಳು, ಇಡದಿದ್ದರೆ ಕೇಳುತ್ತಿರಲಿಲ್ಲ. ನಾನು ಎಷ್ಟು ದನಿಯಲ್ಲಿ ಕರೆದೆ! ಮುದ್ದಿನಿಂದ ಕರೆದೆ, ಗದರಿ ಕರೆದೆ, ಹೋಲಿಕೆಯನ್ನು ತಪ್ಪುತಪ್ಪಾಗಿ ಹೇಳಿ, ಬಾಯಿ ತೆರೆದು ನನ್ನನ್ನು ತಿದ್ದಲಿ ಎಂದು ಕಾದೆ. ಊಹೂಂ. ಗವಿಗೆ ಹೋಗಿ ದ್ಯಾವಕ್ಕನ ಮುಂದೆ ಕೂತೆ.

"ನೀನು ಕೂಗಿದ್ರೆ ಏನು ಬಂತು? ಒಳಗೆ ಕರೆದವಳು ಕರೀಬೇಕು" ಎಂದಳು ಮುದುಕಿ.

"ಅವಳಿಗೆ ಹೆಸರೇ ಬಾಯಿಗೆ ಬರೋದಿಲ್ಲ."

"ಹಾಗಾದ್ರೆ ಕೂತಿರುತ್ತೆ. ಒಳಗೂ ಅಲ್ಲ, ಹೊರಗೂ ಅಲ್ಲ. ನೀನು ಸತ್ತ ಮೇಲೂ ಕೂತಿರುತ್ತೆ. ಬೇರೆ ಒಂದು ಕೊಡೋಣ ಅಂದ್ರೆ ಗವೀಲಿ ಬರೀ ನೀರಿದೆ."

ಸುಮ್ಮನೆ ಕೂರುವ ಜಾತಿಯಲ್ಲ ನಾನು. ಸುರಗಿ ಹೂ ಬಿಟ್ಟಾಗ ಬೊಗಸೆ ತುಂಬ ಕೊಯ್ದುಕೊಂಡು ತಂಗಿಯ ಮನೆಗೆ ಹೋದೆ. ಮುಡಿದುಕೋ, ಯಾವ ಹೂವೆಂದು ಹೇಳು ನೋಡೋಣ ಎಂದೆ. ಮೂಸಿ ನೋಡಿದಳು, ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು. "ಎಂಥಾ ವಾಸನೆ ಅಣ್ಣ! ಇದು ಯಾವ ಹೂವು?" ಎಂದಳು. ಅದೇ ಹೂವಿನ ಮರದ ಕೆಳಗೆ ಆಡಿ ಬೆಳೆದವಳು ಅವಳು. ದುರ್ಗಯ್ಯನೂ ಮೂಸಿ, ಚೆನ್ನಾಗಿದೆ, ಯಾವ ಊರಿಂದ ತರಿಸಿದೆ ಎಂದು ಕೇಳಿದ. ಗಂಡ ಹೆಂಡತಿ ಇಬ್ಬರೂ ಮೈಕೈ ತುಂಬಿಕೊಂಡಿದ್ದರು. ಒಳಕೋಣೆಯಲ್ಲಿ ಈರುಳ್ಳಿ ಹರಡಿದ್ದರು. ಆ ಸುಖವನ್ನು ನೋಡಿ ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ.

ವರ್ಷ ತುಂಬಿತು. ಊರವರು ಅವರನ್ನು ಮತ್ತೆ ಮದುವೆ ಮುಂಜಿಗೆ ಕರೆಯತೊಡಗಿದರು. ಅಷ್ಟರಲ್ಲಿ ನಾಗವೇಣಿ ಬಸುರಿ ಎಂಬ ಸುದ್ದಿ ಬಂತು. ತವರಲ್ಲಿ ಬಯಕೆ ಊಟ ಹಾಕಬೇಕಾದವನು ನಾನೊಬ್ಬನೇ. ಕಜ್ಜಾಯಕ್ಕೆ ಪಾಕ ಮಾಡಲು ಹೋಗಿ ಕೈ ಸುಟ್ಟುಕೊಂಡೆ. ಮಗುವನ್ನು ಎಲ್ಲಿ ಬಚ್ಚಿಡಲಿ ಎಂದು ಯೋಚಿಸಿದೆ, ಮತ್ತೆ ಏಕೆ ಬಚ್ಚಿಡಲಿ ಎನ್ನಿಸಿತು. ದೀಪಾವಳಿಯ ಆ ಲಂಗವನ್ನೇ ಸುರಗಿಗೆ ಹಾಕಿ ಮೂಲೆಯಲ್ಲಿ ಕೂರಿಸಿದೆ. ಅವಳು ಒಂದು ಬೆರಳಿನಷ್ಟೂ ಬೆಳೆದಿರಲಿಲ್ಲ, ಸರಿಯಾಗಿ ಹಿಡಿಯಿತು.

ನಾಗವೇಣಿ ಹೊಸ್ತಿಲು ದಾಟಿ ಬಂದವಳೇ ಅವಳನ್ನು ನೋಡಿದಳು. "ಆವತ್ತಿನ ಮಗು ಅಲ್ವಾ ಇದು? ಇನ್ನೂ ಇಲ್ಲೇ ಇದೆಯಾ?"

"ಮನೆಯವರು ಬಿಟ್ಟರು."

"ಅಯ್ಯೋ! ಇಂಥ ಕೂಸನ್ನ ಬಿಡೋಕೆ ಮನಸ್ಸಾದ್ರೂ ಹೇಗೆ ಬಂತು? ಎಂಥ ಕಲ್ಲೆದೆಯ ತಾಯಿ ಅಣ್ಣ ಅವಳು!" ಎಂದು ಕಣ್ಣೊರೆಸಿಕೊಂಡಳು. ನಾನು ಎಲೆ ಹಾಕುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಗೋಡೆಗೆ ಹಣೆ ಒತ್ತಿ ನಿಂತೆ.

ಊಟವಾಯಿತು. ಕಜ್ಜಾಯ ಕಲ್ಲಾಗಿದೆಯೆಂದು ಗೇಲಿ ಮಾಡುತ್ತಲೇ ಎಲ್ಲವನ್ನೂ ತಿಂದಳು. ಆಮೇಲೆ ಪಡಸಾಲೆಗೆ ಹೋಗಿ ಅದೇ ಕಂಬಕ್ಕೆ ಒರಗಿ ಕೂತು, ಹುಣಸೆಕಾಯಿ ಇದ್ದರೆ ಕೊಡು ಎಂದಳು. ಕೊಟ್ಟೆ. ನಾನೇನೂ ಹೂಡಿ ಮಾಡಿದ್ದಲ್ಲ. ಮಸಿ ಅವಳ ಮನೆಯದು, ಈ ಮನೆಯ ಹೊಸ್ತಿಲೊಳಗೆ ಅದು ಬಂದಿರಲಿಲ್ಲ ಎಂಬುದು ನನಗೆ ಹೊಳೆದದ್ದೂ ಆಮೇಲೆಯೇ. ಹಿತ್ತಲಿನಿಂದ ಗಾಳಿ ಬೀಸಿತು. ಮರದಲ್ಲಿ ಹೂ ಮುಗಿದಿತ್ತು, ಬುಡದಲ್ಲಿ ಒಣಗಿ ಬಿದ್ದವು ಮಾತ್ರ ಇದ್ದವು. ಒಣಗಿದರೂ ಆ ಹೂವಿನ ವಾಸನೆ ಹೋಗುವುದಿಲ್ಲ. ನಾಗವೇಣಿ ಕಚ್ಚುವುದನ್ನು ನಿಲ್ಲಿಸಿದಳು.

"ಅಣ್ಣ, ಹೆಣ್ಣಾದ್ರೆ ಒಂದು ಹೆಸರು ಇಡಬೇಕು ಅನ್ನಿಸ್ತಿದೆ. ಎಲ್ಲಿಂದ ಬಂತೋ ಗೊತ್ತಿಲ್ಲ."

ಏನು ಹೆಸರು ಎಂದೆ.

"ಸುರಗಿ" ಎಂದಳು.

"ಓ" ಎಂದಿತು ಮೂಲೆ.

ನಾಗವೇಣಿ ಬೆಚ್ಚಿ ತಿರುಗಿದಳು. ಸುರಗಿ ಎದ್ದು ನಿಂತಿದ್ದಳು. ಕಾಣದ ಮುಖವನ್ನು ಇತ್ತ ತಿರುಗಿಸಿ, ಎಲ್ಲಿಯೂ ತಡವರಿಸದೆ, ಕೈ ಚಾಚದೆ, ನೆಟ್ಟಗೆ ನಡೆದು ಬಂದು ತಾಯಿಯ ಸೆರಗು ಹಿಡಿದುಕೊಂಡಳು. ನನಗೆ ಅಳು ಬಂತು, ತಡೆಯಲಿಲ್ಲ. ಈಗ ಗೊತ್ತಾಗುತ್ತದೆ, ಈಗ ಅವಳಿಗೆ ಎಲ್ಲ ಗೊತ್ತಾಗುತ್ತದೆ ಎಂದುಕೊಂಡು ತಂಗಿಯ ಮುಖವನ್ನೇ ನೋಡುತ್ತಿದ್ದೆ.

"ಅಯ್ಯೋ, ಇದರ ಹೆಸರೂ ಸುರಗೀನಾ?" ಎಂದು ನಾಗವೇಣಿ ನಕ್ಕಳು. "ಹಾಗಾದ್ರೆ ನಮ್ಮ ಮಗೂಗೆ ಬೇರೆ ಹೆಸರು ನೋಡ್ಬೇಕು." ಸೆರಗು ಬಿಡಿಸಿಕೊಳ್ಳಲು ಆ ಬೆರಳುಗಳನ್ನು ಹಿಡಿದಳು. ಹಿಡಿದವಳು ಬಿಡಲಿಲ್ಲ. "ಎಷ್ಟು ತಣ್ಣಗಿದೆಯಣ್ಣ ಕೈ. ನೀನು ಒಂಟಿ ಗಂಡಸು, ಹೆಣ್ಣುಮಗೂನ ಎಷ್ಟು ದಿನ ಸಾಕ್ತೀಯ? ನಮ್ಮನೇಲಿರ್ಲಿ ಬಿಡು. ಕೈಗೊಂದು ಮಗು ಆಗುತ್ತೆ ನಂಗೆ. ಅದಕ್ಯಾಕೆ ಇಷ್ಟು ಅಳ್ತೀಯ, ದಿನಾ ಬಂದು ನೋಡು." ಹೋಗುವಾಗ ಕೊಳಗವನ್ನೂ ಕೇಳಿದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಹೊತ್ತುಕೊಂಡು ಹೋಗಿ ಅವಳ ಮನೆಯಲ್ಲಿ ಇಟ್ಟುಬಂದೆ.

ಮರುದಿನ ಹೋದಾಗ ದುರ್ಗಯ್ಯ ಒಳಕೋಣೆಯ ಈರುಳ್ಳಿಯನ್ನೆಲ್ಲ ಹೊರಗೆ ಹಾಕಿ, ಕಿಟಕಿಗೆ ಪರದೆ ಕಟ್ಟಲು ಮೊಳೆ ಹೊಡೆಯುತ್ತಿದ್ದ. ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡೇ, "ಯಾಕೋ ಹಾಕ್ಬೇಕು ಅನ್ನಿಸ್ತು ಭಾವ" ಎಂದ. ಮೂಲೆಯಲ್ಲಿ ಒದ್ದೆ ಬಟ್ಟೆಯೊಂದನ್ನು ಮಡಿಸಿ ಇಟ್ಟಿದ್ದ.

ಈಗ ದಿನವೂ ಅವರ ಬೀದಿಯಲ್ಲೇ ಹಾದುಹೋಗುತ್ತೇನೆ. ನಾಗವೇಣಿ ಅಡುಗೆಮನೆಯಿಂದ ಅದಕ್ಕೆ ಇದಕ್ಕೆ ಆ ಮಗುವನ್ನು ಕರೆಯುತ್ತಿರುತ್ತಾಳೆ. ಸುಖವಾಗಿದ್ದಾಳೆ. ಅವಳ ದನಿ ಮೊದಲಿನದೇ, ಕರೆಯುವ ರಾಗವೂ ಮೊದಲಿನದೇ. ಮೊದಲಾದರೆ ಕೋಲು ಹಿಡಿಯುವ ತನಕ ಉತ್ತರ ಬರುತ್ತಿರಲಿಲ್ಲ. ಈಗ ಪರದೆಯ ಹಿಂದಿನಿಂದ ಓ ಎಂದು ಮೊದಲ ಕರೆಗೇ ಬರುತ್ತದೆ. ನಿನ್ನೆ ನಾನು ನಿಂತು ಕೇಳಿದೆ, ಓ ಎಂದು ಬಂದಾಗ ನಾಗವೇಣಿ ಕರೆಯಲು ಇನ್ನೂ ಬಾಯಿ ತೆರೆದಿರಲಿಲ್ಲ.